ವಿದ್ಧಚಿತ್ರವೂ ಛಾಯಾಚಿತ್ರವೂ

ಬೆಳಗಾವಿ ಜಿಲ್ಲೆಯ ಸವದತ್ತಿಯ ಸೀಮೆಯಲ್ಲಿರುವ ಸಿರಸಂಗಿಯು ಎರಡು ಮುಖಗಳಿಂದ ಕನ್ನಡನಾಡಿನಲ್ಲಿ ಪ್ರಸಿದ್ಧವಾಗಿದೆ. ಒಂದು, ವಿಶ್ವಕರ್ಮರ ಆರಾಧ್ಯದೇವತೆಯಾದ ಕಾಳಿಕಾದೇವಿಯ ಮುಖ. ಯುಗಾದಿಯ ಜಾತ್ರೆಗೆ ದೂರದೂರದ ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲೆಗಳು ಬಂದು ನೋಡಿ ಧನ್ಯರಾಗುವ ಮುಖ. ಮತ್ತೊಂದು, ತಮ್ಮ ಆಸ್ತಿಯನ್ನೆಲ್ಲ ಮರಣಶಾಸನದ ಮೂಲಕ ವಿದ್ಯಾಭ್ಯಾಸಕ್ಕೆ ಧಾರೆಯೆರೆದ ಲಿಂಗರಾಜ ದೇಸಾಯಿಯವರ ಮುಖ. ಮೊದಲನೆಯದನ್ನು ರೂಪಿಸುವವನಿಗೆ ಧ್ಯಾನಶ್ಲೋಕವೂ ತಾಲಮಾನವೂ ಆಧಾರ. ಎರಡನೆಯದನ್ನು ಬರೆಯುವವನಿಗೆ ಆಧಾರವಾವುದು? ದೇಸಾಯಿಯವರು ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1906ರಲ್ಲಿ. ಆ ವರ್ಷದ ಬಳಿಕ ಹುಟ್ಟಿದ ಯಾವ ಚಿತ್ರಕಾರನೂ ಅವರನ್ನು ಕಣ್ಣಾರೆ ಕಂಡವನಲ್ಲ. ಅವನಿಗೆ ಹಿಂದಣ ಪ್ರತಿಕೃತಿಯೇ ಪ್ರಮಾಣ. ಆ ಪ್ರತಿಕೃತಿಗೆ ಅದರ ಹಿಂದಣದು. ಹೀಗೆ ಪಟದಿಂದ ಪಟ ಹುಟ್ಟುತ್ತ ಹೋದರೆ ಮೂಲಪುರುಷನ ಮುಖದಲ್ಲಿ ಏನು ಉಳಿಯುವುದು, ಏನು ಅಳಿಯುವುದು ಎಂಬುದು ವಿಚಾರಣೀಯವಾಗಿದೆ.

ಈ ಪ್ರಶ್ನೆ ಸಿರಸಂಗಿಯೊಂದರದಲ್ಲ. ಇಂದು ಮನುಷ್ಯಚಿತ್ರವನ್ನು ಬರೆಯಲು ಕಲಿಯುವ ಹುಡುಗನು ಮೊದಲು ಕೈಗೆತ್ತಿಕೊಳ್ಳುವುದು ಸೀಸದ ಕಡ್ಡಿಯನ್ನಲ್ಲ, ಛಾಯಾಚಿತ್ರವನ್ನು. ಅದನ್ನು ಚೌಕಗಳಾಗಿ ಗೆರೆಯೆಳೆದು ಹಿಗ್ಗಿಸುವುದುಂಟು. ದೀಪಯಂತ್ರದಿಂದ ಗೋಡೆಯ ಮೇಲೆ ಬೀಳಿಸಿ ತಿದ್ದುವುದುಂಟು. ಮೊಬೈಲಿನ ಗಾಜಿನ ಮೇಲೆ ತೆಳುಗಾಗದವನ್ನಿಟ್ಟು ಒತ್ತಿ ಬರೆಯುವುದೂ ಉಂಟು. ಇದನ್ನು ಕಂಡು ಸಂಪ್ರದಾಯನಿಷ್ಠರು, "ಛಾಯಾಚಿತ್ರವನ್ನು ನೋಡಿ ಬರೆದದ್ದು ಚಿತ್ರವೇ ಅಲ್ಲ, ಮನುಷ್ಯಸಾದೃಶ್ಯವೆಂಬುದೇ ಪರದೇಶದ ಸರಕು" ಎನ್ನುವರು. ನವೀನರು, "ಸಾದೃಶ್ಯ ಸಿದ್ಧಿಸಿದ ಮೇಲೆ ಸಾಧನದ ವಿಚಾರವೇಕೆ?" ಎನ್ನುವರು. ಈ ಎರಡು ಪಕ್ಷಗಳಲ್ಲಿ ಯಾವುದೂ ಶಾಸ್ತ್ರಕ್ಕಾಗಲಿ ಅನುಭವಕ್ಕಾಗಲಿ ಒಪ್ಪುವಂತಿಲ್ಲ.

ಮೊದಲು, ಸಾದೃಶ್ಯವು ಪರದೇಶದ್ದೆಂಬ ಮಾತು. ಇದನ್ನು ಕನ್ನಡಿಗನು ಆಡುವುದು ವಿಶೇಷವಾಗಿ ಅನುಚಿತ. ಏಕೆಂದರೆ ಸಾದೃಶ್ಯಚಿತ್ರಕ್ಕೆ ಹೆಸರಿಟ್ಟು ಲಕ್ಷಣ ಹೇಳಿದವರಲ್ಲಿ ಮುಖ್ಯನು ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು. ಸವದತ್ತಿಯ ರಟ್ಟರು ಯಾವ ಮನೆತನಕ್ಕೆ ಸಾಮಂತರಾಗಿ ಈ ಸೀಮೆಯನ್ನಾಳಿದರೋ ಆ ಮನೆತನದ ದೊರೆಯೇ ಇವನು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಇವನು ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥಚಿಂತಾಮಣಿ' ಎಂಬ ಹೆಸರೂ ಉಂಟು. ಇದರ ಮೊದಲ ಭಾಗವು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ 1926ರಲ್ಲಿ ಅಚ್ಚಾಯಿತು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರ ಆವೃತ್ತಿಯ ಮೊದಲೆರಡು ಸಂಪುಟಗಳು 1925ರಲ್ಲಿಯೂ 1939ರಲ್ಲಿಯೂ ಹೊರಬಂದುವು. ಅರಮನೆಯ ಭಿತ್ತಿಗಳನ್ನು ಅಲಂಕರಿಸುವ ಪ್ರಸಂಗದಲ್ಲಿ ಸೋಮೇಶ್ವರನು ಚಿತ್ರವನ್ನು ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂದು ಐದು ಬಗೆಯಾಗಿ ವಿಂಗಡಿಸುವನು. ಕನ್ನಡಿಯಲ್ಲಿ ಮೂಡಿದ ಪ್ರತಿಬಿಂಬದಂತೆ ಸಾದೃಶ್ಯವನ್ನು ಬರೆದರೆ ಅದು ವಿದ್ಧ. ಮನಸ್ಸಿಗೆ ಫಕ್ಕನೆ ತೋರಿದುದನ್ನು ಆಕಾರಮಾತ್ರ ಸಿದ್ಧಿಸುವಂತೆ ಬರೆದರೆ ಅದು ಅವಿದ್ಧ. ಶೃಂಗಾರಾದಿ ರಸಗಳು ನೋಡಿದೊಡನೆಯೇ ಗೋಚರಿಸಿದರೆ ಅದು ಭಾವಚಿತ್ರ. ದ್ರವವರ್ಣಗಳಿಂದ ಬರೆದುದು ರಸಚಿತ್ರ. ಪುಡಿಯಿಂದ ಬರೆದುದು ಧೂಳಿಚಿತ್ರ, ಎಂದರೆ ಮನೆಯಂಗಳದ ರಂಗವಲ್ಲಿ. ಈ ವಿದ್ಧಲಕ್ಷಣವನ್ನು ಹೇಳುವಾಗ ಅರಸನು ಅದನ್ನು ತನ್ನದೆನ್ನದೆ ವಿಶ್ವಕರ್ಮನೇ ಮೊದಲಾದ ಬಲ್ಲವರ ಮತವೆಂದು ಹೇಳಿರುವನು. ಸಿರಸಂಗಿಯ ದೇವಿಗೆ ನಡೆದುಕೊಳ್ಳುವ ಕುಲದ ಮೂಲಪುರುಷನ ಹೆಸರಿನಲ್ಲಿಯೇ ಸಾದೃಶ್ಯವು ಶಾಸ್ತ್ರವನ್ನು ಪ್ರವೇಶಿಸಿದ ಮೇಲೆ ಅದನ್ನು ಹೊರಗಿನದೆನ್ನುವುದು ಹೇಗೆ?

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಇಂದಿನ ಕನ್ನಡದಲ್ಲಿ ವ್ಯಕ್ತಿಯ ಪ್ರತಿಕೃತಿಗೆ, ಛಾಯಾಚಿತ್ರಕ್ಕೆ ಸಹ, 'ಭಾವಚಿತ್ರ'ವೆಂಬ ಹೆಸರು ರೂಢವಾಗಿದೆ. ಅರ್ಜಿಗಳ ಮೂಲೆಯಲ್ಲಿ ಅಂಟಿಸುವ ಚಿಕ್ಕ ಪಟವೂ ಭಾವಚಿತ್ರವೇ! ಸೋಮೇಶ್ವರನ ಪರಿಭಾಷೆಯಲ್ಲಿ ಅದು ಹೆಚ್ಚೆಂದರೆ ವಿದ್ಧವಾಗಬಹುದಲ್ಲದೆ ಭಾವವಾಗಲಾರದು. ಅಂಥ ಪಟದಲ್ಲಿ ಭಾವವನ್ನು ತೋರಬಾರದೆಂದೇ ಕಚೇರಿಗಳ ನಿಯಮ. ಈ ಶಬ್ದಸಾಂಕರ್ಯದಿಂದ ಅರ್ಥಸಾಂಕರ್ಯವೂ ಉಂಟಾಗಿದೆ: ಸಾದೃಶ್ಯವನ್ನು ಹಿಡಿದೊಡನೆ ಭಾವವು ತಾನಾಗಿ ಬಂದೀತೆಂಬ ಭ್ರಮೆ ಕಲಿಯುವವರಲ್ಲಿ ಬೇರೂರಿದೆ.

ಸಂಪ್ರದಾಯನಿಷ್ಠರು ಹಿಡಿದುಕೊಳ್ಳುವ ಮತ್ತೊಂದು ಆಧಾರವು ಶುಕ್ರನೀತಿಸಾರ. ದೇವಪ್ರತಿಮೆಯು ಲಕ್ಷಣಹೀನವಾದರೂ ಶ್ರೇಯಸ್ಕರ, ಮರ್ತ್ಯನ ಪ್ರತಿಮೆಯು ಲಕ್ಷಣವುಳ್ಳದ್ದಾದರೂ ಶ್ರೇಯಸ್ಕರವಲ್ಲ ಎಂಬ ಅಭಿಪ್ರಾಯ ಅಲ್ಲಿ ಬಂದಿರುವುದು ನಿಜ. ಆದರೆ ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಅರ್ಥೈಸುವುದು ಮೀಮಾಂಸಕರಿಗೆ ಸಮ್ಮತವಲ್ಲ. ಅಲ್ಲಿಯ ಪ್ರಕರಣವು ಪೂಜಾಪ್ರತಿಮೆಗಳದು. ಗರ್ಭಗೃಹದಲ್ಲಿ ಮನುಷ್ಯನನ್ನು ಕೂರಿಸಬೇಡವೆಂದರೆ ಗೋಡೆಯ ಮೇಲೆ ಅವನನ್ನು ಬರೆಯಬೇಡವೆಂದು ಅರ್ಥವಾಗದು. ಮೇಲಾಗಿ, ಆ ಗ್ರಂಥವೇ ಬಹಳ ಅರ್ವಾಚೀನವೆಂದು ವಿದ್ವಾಂಸರನೇಕರು ಸಂಶಯಿಸಿರುವರು. ಕಾಳಿದಾಸನ ನಾಟಕಗಳಲ್ಲಿಯೇ ಮನುಷ್ಯಸಾದೃಶ್ಯದ ಪಟಗಳು ಕಥೆಯನ್ನು ನಡೆಯಿಸುವಾಗ, ತಿರುಮಲೆಯ ದೇವಾಲಯದಲ್ಲಿಯೇ ಕೃಷ್ಣದೇವರಾಯನೂ ಅವನ ರಾಣಿಯರಿಬ್ಬರೂ ಲೋಹಮೂರ್ತಿಗಳಾಗಿ ಕೈಮುಗಿದು ನಿಂತಿರುವಾಗ, ಈ ನಿಷೇಧವು ಎಂದೂ ಸರ್ವವ್ಯಾಪಕವಾಗಿರಲಿಲ್ಲವೆಂಬುದು ಸ್ಪಷ್ಟ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಸಂತಾನಾಂಬುಜ'ದಲ್ಲಿ ಮೈಸೂರು ರಾಜವಂಶದ ಮುಖಗಳೆಲ್ಲ ಕಮಲದ ದಳಗಳಾಗಿ ಅರಳಿದ್ದನ್ನು ಇಲ್ಲಿ ಸ್ಮರಿಸಬಹುದು. ತಿರುಮಲೆಯ ಮೂರ್ತಿಗಳ ಮೇಲೆ ಹೆಸರುಗಳನ್ನು ಕೆತ್ತಬೇಕಾಯಿತೆಂಬುದನ್ನೂ ಮರೆಯಬಾರದು. ಮುಖವೊಂದರಿಂದಲೇ ಗುರುತು ಸಿಗುವುದೆಂಬ ಭರವಸೆ ಶಿಲ್ಪಿಗಿರಲಿಲ್ಲವೋ ಏನೋ.

ಇನ್ನು ನವೀನರ ಪಕ್ಷ. ಕನ್ನಡಿಯ ಪ್ರತಿಬಿಂಬವೇ ವಿದ್ಧದ ಉಪಮಾನವಾದರೆ, ಪ್ರತಿಬಿಂಬವನ್ನೇ ಹಿಡಿದು ನಿಲ್ಲಿಸಿದ ಛಾಯಾಚಿತ್ರವು ಪರಮವಿದ್ಧವಾಗಲಿಲ್ಲವೆ? ಅದನ್ನು ಒತ್ತಿ ಬರೆದರೆ ಸೋಮೇಶ್ವರನ ಲಕ್ಷಣವು ಪೂರ್ಣವಾಗಿ ಸಲ್ಲುವುದಲ್ಲವೆ? ಈ ಶಂಕೆಯು ಬಲವಾದದ್ದು. ಇದಕ್ಕೆ ಪರಿಹಾರವು ಉಪಮಾನವನ್ನು ಸರಿಯಾಗಿ ಪರೀಕ್ಷಿಸುವುದರಲ್ಲಿದೆ.

ಕನ್ನಡಿಯಲ್ಲಿ ಕಾಣುವ ಬಿಂಬವು ಚಲಿಸುವುದು. ನೋಡುವವನ ಎರಡು ಕಣ್ಣುಗಳಿಗೂ ಅದು ಬೇರೆಬೇರೆಯಾಗಿ ತೋರಿ ಮನಸ್ಸಿನಲ್ಲಿ ಒಂದಾಗುವುದು. ಅದಕ್ಕೆ ಆಳವುಂಟು, ಕಾಲವುಂಟು. ಛಾಯಾಯಂತ್ರಕ್ಕಾದರೋ ಒಂದೇ ಕಣ್ಣು. ಅದು ಕಾಣುವುದು ಒಂದೇ ಕ್ಷಣ. 1839ರಲ್ಲಿ ಪ್ಯಾರಿಸ್ ನಗರದಲ್ಲಿ ಡಗೇರನ ವಿಧಾನವು ಲೋಕಕ್ಕೆ ಪ್ರಕಟವಾದಂದಿನಿಂದ ಇದುವರೆಗೆ ಯಂತ್ರವು ಎಷ್ಟೇ ಪರಿಷ್ಕೃತವಾಗಿದ್ದರೂ ಈ ಮೂಲಸ್ವಭಾವವು ಬದಲಾಗಿಲ್ಲ. ಒಬ್ಬಾತನನ್ನು ಹತ್ತು ವರ್ಷ ಬಲ್ಲ ನೆರೆಯವನ ಮನಸ್ಸಿನಲ್ಲಿರುವ ಮುಖವು ಸಾವಿರಾರು ನೋಟಗಳ ಸಾರ. ಛಾಯಾಚಿತ್ರವು ಆ ಸಾವಿರದಲ್ಲಿ ಒಂದು. ಅದೂ ಹಲವು ಸಲ ಎಲ್ಲಕ್ಕಿಂತ ಅಪರಿಚಿತವಾದ ಒಂದು. ಪಟ ತೆಗೆಯಿಸಲು ಕುಳಿತವನ ಮುಖವು ಅವನ ಮನೆಯವರು ದಿನವೂ ಕಾಣುವ ಮುಖವಲ್ಲ.

ದೂರದ ವಿಚಾರವನ್ನೂ ಲೆಕ್ಕಹಾಕಿ ನೋಡಬಹುದು. ಮನುಷ್ಯನ ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 5 ಅಂಗುಲ ಆಳವುಂಟು. ಯಂತ್ರವು ಮೂಗಿನಿಂದ 12 ಅಂಗುಲ ದೂರದಲ್ಲಿದ್ದರೆ ಕಿವಿಯು 17 ಅಂಗುಲ ದೂರದಲ್ಲಿರುವುದು. ದೂರವಾದದ್ದು ಅದೇ ಪ್ರಮಾಣದಲ್ಲಿ ಕಿರಿದಾಗಿ ಕಾಣುವುದರಿಂದ ಪಟದಲ್ಲಿ ಮೂಗು ಕಿವಿಗಿಂತ ನೂರಕ್ಕೆ 40ರಷ್ಟು ಹಿಗ್ಗಿ ಬೀಳುವುದು. ಯಂತ್ರವನ್ನು 10 ಅಡಿ ಹಿಂದಕ್ಕೆ ಸರಿಸಿದರೆ ಈ ಭೇದವು ನೂರಕ್ಕೆ 4ಕ್ಕೆ ಇಳಿಯುವುದು. ಈಗ ಕೈಯಳತೆಯಲ್ಲಿ ಮೊಬೈಲನ್ನು ಹಿಡಿದು ತಾವೇ ತೆಗೆದುಕೊಳ್ಳುವ ಪಟಗಳಲ್ಲಿ ಮೂಗು ದಪ್ಪವಾಗಿ ಕಿವಿಗಳು ಹಿಂದೆ ಅಡಗುವುದು ಇದರಿಂದಲೇ. ಅಂಥ ಪಟವನ್ನು ಚೌಕವಿಟ್ಟು ತಪ್ಪಿಲ್ಲದೆ ಹಿಗ್ಗಿಸಿದವನು ತಪ್ಪನ್ನೇ ತಪ್ಪಿಲ್ಲದೆ ಹಿಗ್ಗಿಸಿದಂತಾಯಿತು. ತಾಲಮಾನವನ್ನು ಕಲಿತವನಿಗೆ ಈ ದೋಷ ಒಡನೆಯೇ ಹೊಳೆಯುವುದು. ಅವನ ಕೈಯಲ್ಲಿ ಒಂದು ಸ್ವತಂತ್ರವಾದ ಅಳತೆಗೋಲಿದೆ. ಕಲಿಯದವನಿಗೆ ಪಟವೇ ಅಳತೆ, ಪಟವೇ ಅಳೆಯತಕ್ಕದ್ದು.

ಹಳೆಯ ಪಟಗಳಲ್ಲಿ ಮತ್ತೊಂದು ಬಲೆ ಅಡಗಿದೆ. ಆ ಕಾಲದ ಫಲಕಗಳಿಗೆ ಕೆಂಪುಬೆಳಕು ತಾಗುತ್ತಿರಲಿಲ್ಲ. ನೀಲಿಯು ಅತಿಯಾಗಿ ತಾಗುತ್ತಿತ್ತು. ಇದರಿಂದ ನೀಲಿಯ ಸೀರೆಯು ಬಿಳಿಚಿಕೊಂಡಿತು; ಹಣೆಯ ಕುಂಕುಮವು ಕಪ್ಪಾಯಿತು; ಗೋದಿಬಣ್ಣದ ಮುಖವು ಎಣ್ಣೆಗಪ್ಪಾಯಿತು. ಅಜ್ಜಿಯ ಹಳೆಯ ಪಟವನ್ನು ನೋಡಿ ಬಣ್ಣ ತುಂಬಿದ ಚಿತ್ರಕಾರನು ಅವಳ ಹಣೆಗೆ ಕಾಡಿಗೆಯ ಬೊಟ್ಟಿಟ್ಟರೆ ಅದು ಯಂತ್ರದ ತಪ್ಪಲ್ಲ. ಯಂತ್ರದ ಭಾಷೆಯನ್ನು ಅರಿಯದವನ ತಪ್ಪು. ಕ್ಷಣಕಾಲದಲ್ಲಿ ಬಿಂಬ ಹಿಡಿಯಲು ಬಾರದಿದ್ದ ಆರಂಭದ ದಿನಗಳಲ್ಲಿ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆಯನ್ನು ಆನಿಸುತ್ತಿದ್ದರು. ಆ ಕಾಲದ ಪಟಗಳಲ್ಲಿ ಕಾಣುವ ಬಿಗಿದ ಕತ್ತು ಆ ಕವೆಯದು. ಅದನ್ನು ಗಾಂಭೀರ್ಯವೆಂದು ತಿಳಿದು ಬರೆದವರೂ ವರ್ಣಿಸಿದವರೂ ಕಡಿಮೆಯಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಕೊರತೆ ಬೇರೆ. ಛಾಯಾಚಿತ್ರದಲ್ಲಿ ರೇಖೆಯಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಮಾರ್ಕಂಡೇಯನು ವಜ್ರನಿಗೆ ಉಪದೇಶಿಸುವಾಗ, ಆಚಾರ್ಯರು ರೇಖೆಯನ್ನು ಮೆಚ್ಚುವರು, ವಿಚಕ್ಷಣರು ವರ್ತನೆಯನ್ನು ಮೆಚ್ಚುವರು, ಸ್ತ್ರೀಯರು ಭೂಷಣವನ್ನು, ಉಳಿದ ಜನರು ಬಣ್ಣದ ಸಮೃದ್ಧಿಯನ್ನು ಮೆಚ್ಚುವರು ಎಂದಿರುವನು. ವರ್ತನೆಯೆಂದರೆ ನೆರಳುಬೆಳಕುಗಳಿಂದ ತಗ್ಗುದಿಣ್ಣೆಗಳನ್ನು ತೋರುವ ಕ್ರಮ. ಯಂತ್ರವು ವರ್ತನೆಯನ್ನು ಧಾರಾಳವಾಗಿ ಕೊಡುವುದು, ಭೂಷಣವನ್ನು ಎಣಿಸಿ ಕೊಡುವುದು, ಈಚೆಗೆ ವರ್ಣಾಢ್ಯತೆಯನ್ನೂ ಕೊಡುವುದು. ಆಚಾರ್ಯರು ಮೆಚ್ಚುವ ಒಂದನ್ನು ಮಾತ್ರ ಅದು ಕೊಡಲಾರದು. ಕೆನ್ನೆಯಿಂದ ಗಲ್ಲಕ್ಕಿಳಿಯುವ ಅಂಚನ್ನು ಎಲ್ಲಿ ಗಾಢವಾಗಿ ಒತ್ತಬೇಕು, ಎಲ್ಲಿ ತೇಲಿಸಬೇಕು, ಎಲ್ಲಿ ಕಡಿದು ಬಿಡಬೇಕು ಎಂಬ ನಿರ್ಣಯವು ಪಟದಲ್ಲಿಲ್ಲ. ಅದು ಬರೆಯುವವನ ಬುದ್ಧಿಯಲ್ಲಿರಬೇಕು, ಬುದ್ಧಿಯಿಂದ ಕೈಗೆ ಇಳಿದಿರಬೇಕು. ಪಟವನ್ನು ಒತ್ತಿ ಬರೆದ ಚಿತ್ರವನ್ನು ಗುರುತಿಸುವ ಉಪಾಯವೂ ಇದೇ: ಅಲ್ಲಿ ಎಲ್ಲ ಗೆರೆಗಳ ದಪ್ಪವೂ ಒಂದೇ, ಎಲ್ಲ ಗೆರೆಗಳ ವೇಗವೂ ಒಂದೇ. ಗೆರೆಯು ನಡುಗಿರುವುದಿಲ್ಲ, ಓಡಿರುವುದೂ ಇಲ್ಲ, ತೆವಳಿರುವುದು.

ಮೈಸೂರಿನ ಹಳೆಯ ಚಿತ್ರಗಾರರು ಹುಣಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖೆಯನ್ನು ಮೊದಲು ಮೂಡಿಸಿ, ಅಳಿಲಿನ ಕೂದಲ ಕುಂಚದಿಂದ ಅದನ್ನು ಸ್ಥಿರಪಡಿಸುತ್ತಿದ್ದರು. ಸೋಮೇಶ್ವರನೂ ರೇಖಾಕರ್ಮವನ್ನೇ ಮುಂದಿಟ್ಟು ಬಣ್ಣವನ್ನು ಆಮೇಲೆ ಹೇಳುವನು. ಅವನ ಕ್ರಮದಲ್ಲಿ ನಿಂತ ಮನುಷ್ಯನ ಕೂದಲಂಚಿನಿಂದ ಹುಬ್ಬುಗಳ ನಡುವೆ, ಮೂಗಿನ ತುದಿ, ಗಲ್ಲ, ಎದೆ, ಹೊಕ್ಕುಳುಗಳ ಮೂಲಕ ಪಾದಗಳ ಮಧ್ಯಕ್ಕೆ ಇಳಿಯುವ ನೇರದಾರಕ್ಕೆ ಬ್ರಹ್ಮಸೂತ್ರವೆಂದು ಹೆಸರು. ಇದರ ಎಡಬಲಗಳಲ್ಲಿ ಎರಡು ಪಕ್ಷಸೂತ್ರಗಳು. ಎದುರುಮುಖವಾದ ಋಜುಸ್ಥಾನದಲ್ಲಿ ಇವೆರಡೂ ನಡುಸೂತ್ರದಿಂದ ಆರಾರು ಅಂಗುಲ ದೂರ. ಮುಖವು ಹೊರಳಿದಂತೆ ಒಂದು ಪಕ್ಕ ಹಿಗ್ಗಿ ಇನ್ನೊಂದು ಕುಗ್ಗುವುದು. ಅರ್ಧರ್ಜು, ಸಾಚಿ, ದ್ವ್ಯರ್ಧಾಕ್ಷಿಗಳನ್ನು ದಾಟಿ ಭಿತ್ತಿಕದಲ್ಲಿ ಮುಖವು ಪೂರ್ತಿ ಪಕ್ಕಕ್ಕೆ ತಿರುಗುವುದು. ಇದನ್ನೇ ಚಿತ್ರಸೂತ್ರವು ಕ್ಷಯವೃದ್ಧಿಯೆಂದು ಇನ್ನೂ ವಿಸ್ತರಿಸಿ, ಒಂಬತ್ತು ಸ್ಥಾನಗಳಲ್ಲಿ ಹೇಳಿದೆ. ಪುರುಷರಲ್ಲಿಯೂ ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂಬ ಐದು ಜಾತಿಗಳನ್ನು ಎಣಿಸಿ, ಅವರ ಎತ್ತರವನ್ನು ಅವರವರ ಅಂಗುಲಗಳಿಂದಲೇ 108, 106, 104, 100, 90 ಎಂದು ಗೊತ್ತುಪಡಿಸಿದೆ. ಲೋಕದಲ್ಲಿ ಮನುಷ್ಯರು ಐದೇ ಅಚ್ಚಿನಲ್ಲಿ ಹುಟ್ಟುವರೆಂದು ಶಾಸ್ತ್ರಕಾರನು ನಂಬಿದ್ದನೆಂದು ಇದರಿಂದ ಊಹಿಸುವುದು ಬಾಲಿಶವಾದೀತು. ರಾಗಲಕ್ಷಣವನ್ನು ಬಲ್ಲವನಿಗಲ್ಲದೆ ಅಪಸ್ವರವು ಹೇಗೆ ಕೇಳಿಸದೋ ಹಾಗೆ, ಸಾಮಾನ್ಯವಾದ ಅಳತೆಯನ್ನು ಬಲ್ಲವನಿಗಲ್ಲದೆ ಒಬ್ಬನ ಮುಖವು ಆ ಅಳತೆಯಿಂದ ಎಲ್ಲಿ ಬೇರೆಯಾಗಿದೆಯೆಂಬುದು ಕಾಣದು. ಆ ಬೇರೆತನವೇ ವ್ಯಕ್ತಿ. ತಾಲಮಾನವು ವಿದ್ಧಚಿತ್ರಕ್ಕೆ ವೈರಿಯಲ್ಲ, ದೇವಪ್ರತಿಮೆಗೆ ಮೀಸಲೂ ಅಲ್ಲ. ಸಾದೃಶ್ಯವನ್ನು ಹಿಡಿಯುವ ಬಲೆಯ ಕಣ್ಣುಗಳು ಅವೇ.

ಶಿಸ್ತೆಂಬುದು ಕೈಯ ಅಭ್ಯಾಸವಷ್ಟೇ ಅಲ್ಲವೆಂಬುದನ್ನು ಕಾಳಿದಾಸನು ಒಂದು ಮಾತಿನಲ್ಲಿ ತೋರಿಸಿರುವನು. ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿ ಮಾಲವಿಕೆಯು ನಾಟ್ಯಕ್ಕೆ ಬಂದು ನಿಂತಾಗ ಅಗ್ನಿಮಿತ್ರನಿಗೆ ಆಶ್ಚರ್ಯವಾಗುವುದು. ಚಿತ್ರದಲ್ಲಿ ಅವಳನ್ನು ಕಂಡಿದ್ದಾಗ, ಇಷ್ಟು ಕಾಂತಿ ನಿಜವಾಗಿರಲಾರದೆಂದು ಅವನು ಶಂಕಿಸಿದ್ದನು. ಈಗ ಎದುರಿಗೆ ಕಂಡಮೇಲೆ, ಬರೆದವನೇ ಶಿಥಿಲಸಮಾಧಿಯೆಂದು ನಿಶ್ಚಯಿಸುವನು. ಬಣ್ಣ ಸಾಲದೆಂದಾಗಲಿ, ಕೈ ಪಳಗಿಲ್ಲವೆಂದಾಗಲಿ, ಅಳತೆ ತಪ್ಪಿತೆಂದಾಗಲಿ ದೊರೆಯು ಆಕ್ಷೇಪಿಸಲಿಲ್ಲ, ಸಮಾಧಿಯು ಸಡಿಲವಾಯಿತೆಂದನು. ಎದುರಿಗಿರುವ ಮನುಷ್ಯನಲ್ಲಿ ಮನಸ್ಸನ್ನು ಏಕಾಗ್ರವಾಗಿ ನಿಲ್ಲಿಸುವ ಶಕ್ತಿಯು ಕುಗ್ಗಿದರೆ ಸಾದೃಶ್ಯವೂ ಕುಗ್ಗುವುದೆಂಬುದು ಇದರ ಧ್ವನಿ. ಛಾಯಾಚಿತ್ರವು ಅಪಾಯಕಾರಿಯಾಗುವುದು ಇಲ್ಲಿಯೇ. ಕುಳಿತ ಮನುಷ್ಯನು ಒಂದು ಗಳಿಗೆಯಲ್ಲಿ ಎದ್ದು ಹೋಗುವನು. ಆದುದರಿಂದ ಅವನಿರುವಷ್ಟು ಹೊತ್ತು ಕಣ್ಣು ಎಚ್ಚರವಾಗಿರಬೇಕು. ನೋಡಿದ್ದನ್ನು ಮನಸ್ಸು ಹಿಡಿದಿಟ್ಟುಕೊಳ್ಳಬೇಕು. ಪಟವು ಎಲ್ಲಿಗೂ ಎದ್ದು ಹೋಗದು. ನಾಳೆಯೂ ಅದು ಹಾಗೆಯೇ ಇರುವುದೆಂಬ ನೆಮ್ಮದಿಯಲ್ಲಿ ನೋಟವು ಸೋಮಾರಿಯಾಗುವುದು. ಗೆರೆಗೊಮ್ಮೆ ಪಟವನ್ನು ನೋಡುವವನ ಮನಸ್ಸಿನಲ್ಲಿ ಕೊನೆಗೆ ಮುಖವೇ ನಿಂತಿರುವುದಿಲ್ಲ.

ಇಷ್ಟು ಹೇಳಿದಮಾತ್ರಕ್ಕೆ ಛಾಯಾಚಿತ್ರವನ್ನು ಬಹಿಷ್ಕರಿಸಬೇಕೆಂದು ಸಿದ್ಧವಾಗದು. ಐರೋಪ್ಯರ ಇತಿಹಾಸವೇ ಇದಕ್ಕೆ ಸಾಕ್ಷಿ. ಫ್ರೆಂಚ್ ಚಿತ್ರಕಾರ ದೆಲಕ್ರ್ವಾನು 1854ರಲ್ಲಿ ದ್ಯೂರ್ಯೂ ಎಂಬಾತನ ನೆರವಿನಿಂದ ಮನುಷ್ಯದೇಹದ ಛಾಯಾಪಟಗಳನ್ನು ತೆಗೆಯಿಸಿ ಅವುಗಳಿಂದ ರೇಖಾಭ್ಯಾಸ ಮಾಡಿದನು. ಅದಕ್ಕೆ ಹಿಂದಿನ ವರ್ಷ ಅವನು ಸ್ನೇಹಿತರಿಗೆ ಒಂದು ಪರೀಕ್ಷೆಯನ್ನೊಡ್ಡಿದ್ದನು: ಮೊದಲು ಅಂಥ ಛಾಯಾಪಟಗಳನ್ನು ತೋರಿಸಿ, ಕೂಡಲೇ ಇಟಲಿಯ ಹಳೆಯ ಕೆತ್ತನೆಗಾರ ಮಾರ್ಕಾಂತೋನಿಯೋನ ಮುದ್ರಿಕೆಗಳನ್ನು ತೋರಿಸಿದನು. ಬಹುಕಾಲದಿಂದ ಎಲ್ಲರೂ ಮೆಚ್ಚುತ್ತಿದ್ದ ಆ ಕೆತ್ತನೆಗಳು ಅಂದು ತಪ್ಪುಗಳ ಮೂಟೆಯಾಗಿ ತೋರಿದುವಂತೆ. ಇದನ್ನು ದಿನಚರಿಯಲ್ಲಿ ಬರೆದಿಟ್ಟವನು ಯಂತ್ರದ ದಾಸನಲ್ಲ. ಕಲ್ಪನಾಶಕ್ತಿಗೆ ಆ ಶತಮಾನದಲ್ಲಿಯೇ ಹೆಸರಾದವನು. ಪಟದಿಂದ ಅವನು ಕಲಿತದ್ದು ದೇಹದ ವ್ಯಾಕರಣವನ್ನು. ಕಾವ್ಯವನ್ನು ಅವನು ತಾನೇ ಬರೆದನು. ಅಮೇರಿಕದ ಈಕಿನ್ಸನ ಕಥೆ ಇನ್ನೂ ಕುತೂಹಲಕರ. ಶರೀರಶಾಸ್ತ್ರವನ್ನು ಕಟ್ಟುನಿಟ್ಟಾಗಿ ಕಲಿಸುತ್ತಿದ್ದ ಈ ಆಚಾರ್ಯನೇ ಕೆಲವು ಚಿತ್ರಗಳಲ್ಲಿ ಛಾಯಾಪಟಗಳನ್ನು ಬಟ್ಟೆಯ ಮೇಲೆ ಬೆಳಕಿನಿಂದ ಬೀಳಿಸಿ ಗುರುತು ಮಾಡಿಕೊಂಡಿದ್ದನೆಂಬುದು 1916ರಲ್ಲಿ ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, ಫಿಲಡೆಲ್ಫಿಯದ ಸಂಗ್ರಹಾಲಯದವರು ಬಣ್ಣದ ಪದರಗಳನ್ನು ಪರೀಕ್ಷಿಸಿದಾಗ ಬಯಲಾಯಿತು. ಅದುವರೆಗೆ ಆ ಚಿತ್ರಗಳನ್ನು ಮೆಚ್ಚಿದ್ದವರು ಮೆಚ್ಚಿಕೆಯನ್ನು ಹಿಂದಕ್ಕೆ ಪಡೆಯಬೇಕೆ? ಪಡೆಯಬೇಕಾಗಿಲ್ಲ. ಶರೀರವನ್ನು ಬಲ್ಲವನು ಒತ್ತಿ ಬರೆದರೂ ಬಲ್ಲವನಾಗಿಯೇ ಬರೆಯುವನು. ಆದರೆ ಶಿಷ್ಯರಿಂದ ಅದನ್ನು ಮುಚ್ಚಿಟ್ಟದ್ದು ಗುರುಸ್ಥಾನಕ್ಕೆ ಶೋಭಿಸುವಂಥದಲ್ಲ.

ಕುದುರೆಯ ಮಾತನ್ನೂ ಇಲ್ಲಿ ಎತ್ತಬೇಕು. ರಸವಿಚಾರದಲ್ಲಿ ಶಂಕುಕನು ಹೇಳಿದ ಚಿತ್ರತುರಗನ್ಯಾಯವು ಆಲಂಕಾರಿಕರಿಗೆ ಪರಿಚಿತವೇ: ಚಿತ್ರದ ಕುದುರೆಯನ್ನು ಕಂಡು 'ಇದು ಕುದುರೆ' ಎನ್ನುವ ಜ್ಞಾನವು ಯಥಾರ್ಥವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯವೂ ಅಲ್ಲ. 1878ರಲ್ಲಿ ಮೈಬ್ರಿಜ್ ಎಂಬಾತನು ಓಡುವ ಕುದುರೆಯ ಕ್ಷಣಪಟಗಳನ್ನು ಸಾಲಾಗಿ ತೆಗೆದು, ನಾಲ್ಕು ಕಾಲುಗಳನ್ನೂ ಹಿಂದುಮುಂದಕ್ಕೆ ಚಾಚಿ ಹಾರುವ ಭಂಗಿಯು ನಿಜವಾದ ಓಟದಲ್ಲಿ ಎಲ್ಲಿಯೂ ಇಲ್ಲವೆಂದು ತೋರಿಸಿದನು. ಅದುವರೆಗೆ ಎಷ್ಟೋ ಚಿತ್ರಕಾರರು ಆ ಭಂಗಿಯನ್ನೇ ಬರೆದಿದ್ದರು, ನೋಡುವವರು ಅದರಲ್ಲಿ ಓಟವನ್ನೇ ಕಂಡಿದ್ದರು. ಫ್ರಾನ್ಸಿನ ಶಿಲ್ಪಿ ರೋದಾನು ಇದನ್ನು ಕುರಿತು, ಕಾಲವು ನಿಲ್ಲದಿರುವುದರಿಂದ ನಿಂತ ಕ್ಷಣವನ್ನು ತೋರುವ ಪಟವೇ ಸುಳ್ಳು, ಚಿತ್ರಕಾರನೇ ಸತ್ಯವಾದಿ ಎಂಬರ್ಥದಲ್ಲಿ ವಾದಿಸಿದನು. ಶಂಕುಕನಿಗೆ ಈ ವಿವಾದವನ್ನು ಒಪ್ಪಿಸಿದ್ದರೆ ಇಬ್ಬರಿಗೂ ಜಯಪತ್ರವನ್ನು ಕೊಡುತ್ತಿರಲಿಲ್ಲ.

ಸ್ವದೇಶದಲ್ಲಿ ರವಿವರ್ಮನನ್ನು (1848-1906) ಕುರಿತ ನಿಂದೆಸ್ತುತಿಗಳೆರಡೂ ಅತಿಯಾಗಿವೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವನ ಕೃತಿಗಳನ್ನು ಕಂಡವರು ಬಟ್ಟೆಯ ಮಡಿಕೆಯನ್ನೂ ರತ್ನದ ಹೊಳಪನ್ನೂ ಮರೆಯುವಂತಿಲ್ಲ. ರಾಜಪುರುಷರ ಮುಖಗಳಿಗೆ ಅವನು ಛಾಯಾಪಟಗಳ ನೆರವನ್ನು ಪಡೆದನೆಂಬುದು ಪ್ರಸಿದ್ಧ. ಅದರಲ್ಲಿ ದೋಷವಿಲ್ಲ. ದೋಷವಿರುವುದು, ಪುರಾಣಸ್ತ್ರೀಯರು ಸಹ ಪಟ ತೆಗೆಯಿಸಲು ಕುಳಿತವರಂತೆ ಕೆಲವು ಕಡೆ ಕಾಣಿಸಿಕೊಳ್ಳುವುದರಲ್ಲಿ. ವಿದ್ಧಕ್ಕೆ ಸಲ್ಲುವ ಶಿಸ್ತನ್ನು ಭಾವಚಿತ್ರದ ಮೇಲೆ ಹೇರಿದ್ದರ ಫಲವಿದು. ಇದಕ್ಕೆ ಪ್ರತಿಯಾಗಿ ಕೆ. ವೆಂಕಟಪ್ಪನವರನ್ನು (1886-1965) ನಿಲ್ಲಿಸಬಹುದು. ಮೈಸೂರಿನ ಆಸ್ಥಾನಚಿತ್ರಗಾರರ ಮನೆಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ವರ್ಷಗಟ್ಟಲೆ ಕಲಿತು ಬಂದ ಇವರು ದಂತದ ಮೇಲೆಯೂ ಗಾರೆಯ ಉಬ್ಬಿನಲ್ಲಿಯೂ ವ್ಯಕ್ತಿಮುಖಗಳನ್ನು ಮೂಡಿಸಿದರು. ಚಿತ್ರದ ಜತೆಗೆ ವೀಣೆಯನ್ನೂ ವ್ರತದಂತೆ ಸಾಧಿಸಿದರು. ನೃತ್ಯವನ್ನರಿಯದೆ ಚಿತ್ರವನ್ನರಿಯಲಾಗದು, ವಾದ್ಯವನ್ನರಿಯದೆ ನೃತ್ಯವನ್ನರಿಯಲಾಗದು ಎಂಬ ಚಿತ್ರಸೂತ್ರದ ಸರಣಿಯನ್ನು ಬಾಳಿನಲ್ಲಿ ನಡೆಯಿಸಿ ತೋರಿದವರು ಈ ಕಾಲದಲ್ಲಿ ವಿರಳ. ಇವರ ಕೃತಿಗಳ ಸಂಖ್ಯೆ ಕಡಿಮೆಯೆಂದು ಆಕ್ಷೇಪಿಸುವವರುಂಟು. ಸಮಾಧಿಯನ್ನು ಸಡಿಲಿಸದವನ ಕೃತಿಗಳು ಬಹುವಾಗುವುದು ಎಲ್ಲಿಯೂ ಕಂಡುದಲ್ಲ.

ಇನ್ನು ಸಾಮಾನ್ಯರ ಮನೆಗಳ ವಿಚಾರ. ಬೈಲಹೊಂಗಲ, ರಾಮದುರ್ಗ, ಕಿತ್ತೂರುಗಳ ಸುತ್ತಿನ ಊರುಗಳಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಹಿರಿಯರ ಪಟವಿಲ್ಲದ ಪಡಸಾಲೆ ಅಪರೂಪ. ಎಷ್ಟೋ ಮನೆಗಳಲ್ಲಿ ತೀರಿಕೊಂಡವನ ಗುರುತಾಗಿ ಉಳಿದಿರುವುದು ಬೆರಳುಗುರುಷ್ಟು ಚಿಕ್ಕ ಪಟವೊಂದೇ. ಯಾವುದೋ ಕಚೇರಿಯ ಕೆಲಸಕ್ಕೆ ಅವಸರದಲ್ಲಿ ತೆಗೆಯಿಸಿದ್ದು. ಅದನ್ನು ದೊಡ್ಡದಾಗಿ ಬರೆದುಕೊಡೆಂದು ತಾಯಿಯು ತಂದುಕೊಟ್ಟಾಗ, 'ಪಟವನ್ನು ನೋಡಿ ಬರೆಯುವುದು ಶಾಸ್ತ್ರವಿರುದ್ಧ' ಎಂದು ಅವಳನ್ನು ಹಿಂದಕ್ಕೆ ಕಳುಹಿಸುವವನು ಶಾಸ್ತ್ರವನ್ನೂ ಅರಿಯನು, ದಯೆಯನ್ನೂ ಅರಿಯನು. ತಿಬ್ಬತಿನ ಭಾಷೆಯಲ್ಲಿ ಮಾತ್ರ ಉಳಿದಿರುವ ನಗ್ನಜಿತ್ತಿನ ಚಿತ್ರಲಕ್ಷಣದಲ್ಲಿ ಚಿತ್ರವಿದ್ಯೆಯ ಉತ್ಪತ್ತಿಯನ್ನೇ ಇಂಥ ಸಂದರ್ಭದಲ್ಲಿ ಹೇಳಿದೆ: ಬ್ರಾಹ್ಮಣನೊಬ್ಬನ ಮಗನು ಅಕಾಲದಲ್ಲಿ ಸಾಯಲು, ಅರಸನು ಬ್ರಹ್ಮನ ಮಾತಿನಂತೆ ಆ ಹುಡುಗನ ಸಾದೃಶ್ಯವನ್ನು ಬರೆದನು, ಬ್ರಹ್ಮನು ಅದಕ್ಕೆ ಪ್ರಾಣವನ್ನಿತ್ತನು. ಸತ್ತ ಮಗನ ಮುಖವನ್ನು ಮತ್ತೆ ಕಾಣಬೇಕೆಂಬ ಹಂಬಲವೇ ಚಿತ್ರದ ಮೊದಲ ಕಾರಣವೆಂದು ಹೇಳಿದ ಶಾಸ್ತ್ರವು ಆ ತಾಯಿಯ ಪಕ್ಷದಲ್ಲಿದೆ.

ಆದರೆ ಆ ತಾಯಿಗೆ ಬರೆದುಕೊಡುವವನು ಮಾಡಬೇಕಾದದ್ದು ಪಟವನ್ನು ಹಿಗ್ಗಿಸುವುದಲ್ಲ. ಚಿಕ್ಕ ಪಟದಲ್ಲಿ ಕಪ್ಪುಮಚ್ಚೆಯಾಗಿ ಬಿದ್ದ ಕಣ್ಣನ್ನು ಎಷ್ಟು ಹಿಗ್ಗಿಸಿದರೂ ದೊಡ್ಡ ಮಚ್ಚೆಯೇ ಆಗುವುದು. ಅಲ್ಲಿ ಕಣ್ಣನ್ನು ಕಟ್ಟಬೇಕಾದರೆ ಕಣ್ಣನ್ನು ಬಲ್ಲವನಾಗಿರಬೇಕು. ಅವನು ತಾಯಿಯನ್ನೇ ಎದುರಿಗೆ ಕೂರಿಸಿ ಅವಳ ಹುಬ್ಬನ್ನು ನೋಡಬೇಕು. ತಮ್ಮನಿದ್ದರೆ ಅವನ ಗಲ್ಲವನ್ನು ನೋಡಬೇಕು. ನಗುವಾಗ ಮಗನ ಕೆನ್ನೆ ಎಲ್ಲಿ ಮಡಿಚುತ್ತಿತ್ತೆಂದು ಕೇಳಿ ತಿಳಿಯಬೇಕು. ಪ್ರತ್ಯಕ್ಷವಿಲ್ಲದೆಡೆ ಅನುಮಾನ, ಉಪಮಾನ, ಆಪ್ತವಾಕ್ಯ ಇವು ಪ್ರಮಾಣಗಳೆಂದು ನೈಯಾಯಿಕರು ಒಪ್ಪಿರುವರು. ಛಾಯಾಪಟವು ಪ್ರತ್ಯಕ್ಷದ ಸ್ಥಾನಕ್ಕೆ ಏರತಕ್ಕದ್ದಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಅದರಿಂದ ಮನುಷ್ಯನನ್ನು ಊಹಿಸಬೇಕು. ಅದು ಲಿಂಗ, ಲಿಂಗಿಯಲ್ಲ. ನಿದ್ರಿಸುವವನಲ್ಲಿ ಚೇತನವನ್ನೂ ಸತ್ತವನಲ್ಲಿ ಅದರ ಅಭಾವವನ್ನೂ ತೋರಬಲ್ಲವನೇ ಚಿತ್ರಜ್ಞನೆಂದು ಚಿತ್ರಸೂತ್ರವು ಹೇಳುವುದು. ಅವಸರದ ಪಟದಲ್ಲಿ ಬದುಕಿದ್ದವನೂ ಸತ್ತವನಂತೆ ಕಂಡಿರುವಾಗ ಅವನಿಗೆ ಚೇತನವನ್ನು ಹಿಂದಿರುಗಿಸುವ ಹೊಣೆಯೂ ಚಿತ್ರಜ್ಞನದೇ. ಇದಕ್ಕೆ ಪಟಗಳಿಂದ ಕಲಿತ ಕೈ ಸಾಲದು. ಮೊದಲು ವರ್ಷಗಟ್ಟಲೆ ಬದುಕಿದವರನ್ನು ನೋಡಿ ಬರೆದಿರಬೇಕು: ಸಂತೆಯಲ್ಲಿ ಕೂತವರನ್ನು, ಬಾವಿಯ ಕಟ್ಟೆಯಲ್ಲಿ ನಿಂತವರನ್ನು, ಜಾತ್ರೆಯಲ್ಲಿ ತೇರನ್ನೆಳೆಯುವವರನ್ನು. ಮನೆಗೆ ಬಂದು ಅವರನ್ನು ನೆನಪಿನಿಂದ ಮತ್ತೆ ಬರೆದಿರಬೇಕು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯನ್ನು ನೆನಪಿನಿಂದಲೇ ಬರೆದು, ಇನ್ನೂ ಬರೆಯಬೇಕಾದದ್ದನ್ನು ಒಂದೊಂದಾಗಿ ಎಣಿಸುವನು: ಮಾಲಿನೀನದಿ, ಹಂಸಗಳ ಜೋಡಿ, ಕಿವಿಯ ಶಿರೀಷಪುಷ್ಪ, ಎದೆಯ ಮೇಲಣ ಮೃಣಾಲಸೂತ್ರ. ಬಿಟ್ಟುಹೋದದ್ದು ಇಂಥದೆಂದು ಅವನು ಬಲ್ಲನು. ಪಟವೊಂದನ್ನೇ ನಂಬಿ ಬರೆದವನಿಗೆ ಬಿಟ್ಟುಹೋದದ್ದೇ ತಿಳಿಯದು.

ಲಿಂಗರಾಜರ ಮುಖಕ್ಕಾದರೂ ಹಿಂದಣ ಪ್ರತಿಕೃತಿಯೊಂದಿದೆ. ಸಿರಸಂಗಿಯಿಂದ ಬಹುದೂರವಿಲ್ಲದ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿ 2ರಂದು ಕಣ್ಮುಚ್ಚಿದ ಕಿತ್ತೂರಿನ ರಾಣಿ ಚೆನ್ನಮ್ಮನ ಕಾಲಕ್ಕೆ ಛಾಯಾಯಂತ್ರವೇ ಇರಲಿಲ್ಲ. ಡಗೇರನ ಪ್ರಕಟಣೆಗೆ ಇನ್ನೂ 10 ವರ್ಷಗಳಿದ್ದುವು. ಶಾಲೆಗಳಲ್ಲಿಯೂ ಚೌಕಗಳಲ್ಲಿಯೂ, ಕುದುರೆಯ ಮೇಲೆ ಖಡ್ಗವೆತ್ತಿ ಕಾಣುವ ಆಕೆಯ ರೂಪವೆಲ್ಲ ಸೋಮೇಶ್ವರನ ಅರ್ಥದಲ್ಲಿ ಅವಿದ್ಧ. 2007ರಲ್ಲಿ ದಿಲ್ಲಿಯ ಸಂಸದ್ಭವನದ ಆವರಣದಲ್ಲಿ ಸ್ಥಾಪಿತವಾದ ಪ್ರತಿಮೆಯೂ ಹಾಗೆಯೇ. ಅವಿದ್ಧವೆಂದು ಒಪ್ಪಿಕೊಂಡಾಗ ಅದಕ್ಕೆ ಯಾವ ಕುಂದೂ ಇಲ್ಲ. ಆದರೆ ಈಚೆಗೆ ಗಣಕಯಂತ್ರಗಳು ಅಸಂಖ್ಯ ಪಟಗಳನ್ನು ಕಲಸಿ, ರೋಮಕೂಪಗಳು ಸಹ ಕಾಣುವಂತೆ ಐತಿಹಾಸಿಕ ಪುರುಷರ 'ನಿಜಮುಖ'ಗಳನ್ನು ಉತ್ಪಾದಿಸುತ್ತಿವೆ. ಹುಡುಗರು ಅವನ್ನು ಆಧಾರವಾಗಿಟ್ಟುಕೊಂಡು ಬರೆಯುತ್ತಿರುವರು. ಎಂದೂ ಯಾರ ಮುಂದೆಯೂ ಕುಳಿತಿರದ ಮುಖಕ್ಕೆ ಇಲ್ಲಿ ವಿದ್ಧದ ವೇಷ ಬಂದಿದೆ. ಚೆನ್ನಮ್ಮನನ್ನು ಬರೆಯಹೊರಟವನಿಗೆ ಇವುಗಳಿಗಿಂತ ದೃಢವಾದ ಆಧಾರ ಬೇಕಾದರೆ, ಬೈಲಹೊಂಗಲದ ಸಂತೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಬರುವ ಐವತ್ತರ ಹೆಂಗಸರ ಕತ್ತಿನ ನಿಲುವನ್ನು ಒಂದು ದಿನ ಕುಳಿತು ನೋಡಬಹುದು.